ಆರು ಕಂಪ್ಯೂಟರ್, ನಲವತ್ತು ಮಕ್ಕಳು, ಕನ್ನಡ ಮಾಧ್ಯಮ: ಒಂಬತ್ತನೇ ತರಗತಿಗೆ ಪೈಥಾನ್ ಕಲಿಸಲು ಆಗುತ್ತದೆಯೇ?

ಖಂಡಿತ ಆಗುತ್ತದೆ ಮೇಡಂ. ನೀವು ಕೇಳಿರುವುದು ಮೂರು ಸಂಗತಿ. ನಡೆಯುವ ಆರೇ ಕಂಪ್ಯೂಟರ್ ಇಟ್ಟುಕೊಂಡು ನಲವತ್ತು ಮಕ್ಕಳನ್ನು ಹೇಗೆ ನಿಭಾಯಿಸುವುದು, ಇಂಗ್ಲಿಷ್ ಅಷ್ಟಾಗಿ ಬಾರದವರಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹತ್ತುತ್ತದೆಯೇ, ಕಂಪ್ಯೂಟರ್ ಓದದ ಗಣಿತದ ಶಿಕ್ಷಕಿ ಇದಕ್ಕೆ ಕೈಹಾಕಬಹುದೇ. ನಾನೂ ಪ್ರೌಢಶಾಲೆಯಲ್ಲಿ ವಿಜ್ಞಾನದ ಜೊತೆಗೆ ಕಂಪ್ಯೂಟರ್ ಪೀರಿಯಡ್ ತೆಗೆದುಕೊಳ್ಳುವವನು. ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಗಣಿತದವರು ಕೈಹಾಕಿದರೆ ಇನ್ನೂ ಒಳ್ಳೆಯದು.

ಮೊದಲ ದಿನವೇ ಲ್ಯಾಬಿಗೆ ಕರೆದುಕೊಂಡು ಹೋಗಬೇಡಿ. ತರಗತಿಯಲ್ಲೇ ಬೋರ್ಡಿನ ಮೇಲೆ ಮೂರು ಸಾಲು ಬರೆಯಿರಿ:

ಪೆನ್ನು = 5
ಪುಸ್ತಕ = ಪೆನ್ನು
ಪೆನ್ನು = 9

ಈಗ ಪುಸ್ತಕ ಎಷ್ಟು ಅಂತ ಕೇಳಿ. ಪ್ರತಿಯೊಬ್ಬರೂ ನೋಟ್ ಪುಸ್ತಕದಲ್ಲಿ ಉತ್ತರ ಬರೆದಿಡಲಿ, ಬಾಯಿಬಿಟ್ಟು ಹೇಳುವುದು ಬೇಡ. ತುಂಬಾ ಮಕ್ಕಳು 9 ಅಂತ ಬರೆದಿರುತ್ತಾರೆ. ಪೆನ್ನು, ಪುಸ್ತಕ ಎರಡೂ ಸಮ ಅಂದಮೇಲೆ ಒಂದು ಬದಲಾದರೆ ಇನ್ನೊಂದೂ ಬದಲಾಗಬೇಕಲ್ಲ ಎಂಬುದು ಅವರ ಲೆಕ್ಕ. ಅದು ದಡ್ಡತನವಲ್ಲ, ಬೀಜಗಣಿತದಲ್ಲಿ ನೀವೇ ಕಲಿಸಿದ ಸಮ ಚಿಹ್ನೆಯನ್ನು ಅವರು ನಂಬಿದ್ದಾರೆ ಅಷ್ಟೆ. ಪೈಥಾನ್ ಆ ಚಿಹ್ನೆಯನ್ನು ಬೇರೆ ಕೆಲಸಕ್ಕೆ ಬಳಸುತ್ತದೆ: ಬಲಗಡೆಯ ಬೆಲೆ ಲೆಕ್ಕ ಹಾಕು, ಎಡಗಡೆಯ ಹೆಸರಿಗೆ ಕೊಡು, ಮುಂದಿನ ಸಾಲಿಗೆ ಹೋಗು. ಹಾಗಾಗಿ ಪುಸ್ತಕ 5 ಆಗಿಯೇ ಉಳಿಯುತ್ತದೆ. ಇದೇ ಗೊಂದಲ ‘ಮೊತ್ತ = ಮೊತ್ತ + 1’ ಎಂಬ ಸಾಲಿನಲ್ಲಿ ಮತ್ತೆ ತಲೆ ಎತ್ತುತ್ತದೆ. ಗಣಿತದಲ್ಲಿ ಅದು ಅಸಾಧ್ಯ ಸಮೀಕರಣ, ಇಲ್ಲಿ ದಿನನಿತ್ಯದ ಮಾತು. ಈ ವ್ಯತ್ಯಾಸವನ್ನು ನಿಮ್ಮಷ್ಟು ಚೆನ್ನಾಗಿ ಬಿಡಿಸಿ ಹೇಳಬಲ್ಲವರು ಶಾಲೆಯಲ್ಲಿ ಬೇರೆ ಯಾರೂ ಇರುವುದಿಲ್ಲ. ಇಲ್ಲಿ ಅವಸರ ಮಾಡಬೇಡಿ. ಇದು ಬಗೆಹರಿಯದೆ ಲೂಪಿಗೆ, ಅಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲುಗಳಿಗೆ, ಹೋದರೆ ಮಕ್ಕಳು ಬಾಯಿಪಾಠಕ್ಕೆ ಇಳಿಯುತ್ತಾರೆ.

ಮೊದಲು ಊಹೆ, ಆಮೇಲೆ ರನ್. ನಾನು ನೆಚ್ಚಿಕೊಂಡಿರುವ ಕ್ರಮ ಇದೊಂದೇ. ಬ್ರಿಟನ್ನಿನ ಕಂಪ್ಯೂಟರ್ ಶಿಕ್ಷಣ ಸಂಶೋಧಕಿ ಸೂ ಸೆಂಟನ್ಸ್ ಮತ್ತು ಸಂಗಡಿಗರು ಇದನ್ನು ‘ಪ್ರಿಮ್’ ಎಂಬ ಹೆಸರಿನಲ್ಲಿ ಐದು ಹಂತಗಳಾಗಿ ಜೋಡಿಸಿದ್ದಾರೆ: ಬರೆದಿರುವ ಪ್ರೋಗ್ರಾಂ ಏನು ಮಾಡುತ್ತದೆ ಎಂದು ಊಹಿಸು, ಓಡಿಸಿ ನೋಡು, ಸಾಲುಸಾಲಾಗಿ ಪರೀಕ್ಷಿಸು, ಸ್ವಲ್ಪ ಬದಲಿಸು, ಕೊನೆಗೆ ನಿನ್ನದೇ ಒಂದನ್ನು ಬರೆ. ನಮ್ಮಲ್ಲಿ ಸಾಮಾನ್ಯವಾಗಿ ಕೊನೆಯ ಹಂತದಿಂದ ಶುರು ಮಾಡಿ, ಬಾರದವರಿಗೆ ಬೋರ್ಡ್ ನೋಡಿ ನಕಲು ಮಾಡಿಸುತ್ತೇವೆ. ನಕಲು ಮಾಡಿದ ಪ್ರೋಗ್ರಾಂ ಓಡುತ್ತದೆ, ಆದರೆ ಮಗುವಿನ ತಲೆಯೊಳಗೆ ಏನೂ ಓಡಿರುವುದಿಲ್ಲ.

ಆರು ಕಂಪ್ಯೂಟರ್‌ಗಳ ಸಮಸ್ಯೆಯೂ ಇದರಿಂದಲೇ ಅರ್ಧ ಕರಗುತ್ತದೆ. ಒಂದು ಯಂತ್ರಕ್ಕೆ ಮೂವರನ್ನು ಕೂರಿಸಿ: ಒಬ್ಬರು ಟೈಪ್ ಮಾಡಲಿ, ಒಬ್ಬರು ಜೋರಾಗಿ ಓದಲಿ, ಇನ್ನೊಬ್ಬರು ಪ್ರತಿ ಸಾಲಿನ ನಂತರ ಯಾವ ಹೆಸರಿಗೆ ಯಾವ ಬೆಲೆ ಇದೆ ಎಂದು ಕೋಷ್ಟಕ ಬರೆಯಲಿ. ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸುವುದು ಕಡ್ಡಾಯ. ನೀವು ನಿಂತು ಬದಲಿಸದಿದ್ದರೆ ಮನೆಯಲ್ಲಿ ಲ್ಯಾಪ್‌ಟಾಪ್ ನೋಡಿದ ಹುಡುಗ ಕೀಬೋರ್ಡ್ ಬಿಡುವುದಿಲ್ಲ, ಹೆಣ್ಣುಮಕ್ಕಳು ಕೋಷ್ಟಕ ಬರೆಯುತ್ತಲೇ ವರ್ಷ ಕಳೆಯುತ್ತಾರೆ.

ಉಳಿದ ಇಪ್ಪತ್ತೆರಡು ಮಕ್ಕಳಿಗೆ ಕಾಗದದ ಪಟ್ಟಿ. ಎಂಟು ಸಾಲಿನ ಪ್ರೋಗ್ರಾಂ ಪ್ರಿಂಟ್ ಹಾಕಿಸಿ, ಸಾಲುಗಳನ್ನು ಕತ್ತರಿಸಿ, ಕಲಸಿ ಕೊಡಿ. ಸರಿಯಾದ ಕ್ರಮಕ್ಕೆ ಜೋಡಿಸುವುದೇ ಕೆಲಸ. ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಶಿಯಾ ಹೇಡನ್ 2006ರಲ್ಲಿ ಈ ಬಗೆಯ ಅಭ್ಯಾಸವನ್ನು ಮುಂದಿಟ್ಟರು, ಈಗ ಪಾರ್ಸನ್ಸ್ ಸಮಸ್ಯೆ ಎಂದೇ ಹೆಸರು. ಬೇಡದ ಒಂದು ಸಾಲನ್ನೂ ಸೇರಿಸಿಟ್ಟರೆ ಚರ್ಚೆ ರಂಗೇರುತ್ತದೆ. ಉದಾಹರಣೆಗೆ ಪಾಸು ಫೇಲು ಹೇಳುವ ಪ್ರೋಗ್ರಾಮಿನಲ್ಲಿ ‘ಅಂಕ > 35’, ‘ಅಂಕ >= 35’ ಎರಡೂ ಪಟ್ಟಿ ಕೊಡಿ. ಸರಿಯಾಗಿ ಮೂವತ್ತೈದು ತೆಗೆದವನ ಗತಿ ಏನು ಎಂದು ಅವರೇ ಜಗಳ ಶುರು ಮಾಡುತ್ತಾರೆ. ಆ ಜಗಳದಲ್ಲಿ ಹುಟ್ಟುವ ತಿಳಿವಳಿಕೆಗೆ ಕರೆಂಟೂ ಬೇಡ.

ಇನ್ನು ಇಂಗ್ಲಿಷ್. ಆರಂಭಕ್ಕೆ ಬೇಕಾಗುವ ಪೈಥಾನ್ ಪದಗಳು ಹೆಚ್ಚೆಂದರೆ ಹತ್ತು ಹನ್ನೆರಡು: ಪ್ರಿಂಟ್, ಇನ್‌ಪುಟ್, ಇಫ್, ಎಲ್ಸ್, ಫಾರ್, ವೈಲ್, ಇಂಥವು. ಇವನ್ನು ಹಾಗೇ ಇಂಗ್ಲಿಷಿನಲ್ಲಿ ಕಲಿಯಲಿ. ವಿವರಣೆ, ಪ್ರಶ್ನೆ, ವಾದ ಎಲ್ಲವೂ ಕನ್ನಡದಲ್ಲೇ ನಡೆಯಲಿ. ಪೈಥಾನ್ 3ರಲ್ಲಿ ನಾವು ಕೊಡುವ ಹೆಸರುಗಳು ಕನ್ನಡ ಲಿಪಿಯಲ್ಲೂ ಇರಬಹುದು, ಮೇಲಿನ ಮೂರು ಸಾಲು ಇದ್ದ ಹಾಗೇ ಓಡುತ್ತವೆ. ಆದರೆ ನುಡಿ ತಂತ್ರಾಂಶದ ಹಳೆಯ ಫಾಂಟ್ ನಡೆಯುವುದಿಲ್ಲ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಆಗಿರಬೇಕು. ‘ಸಾಫ್ಟ್‌ವೇರ್’ ಥರದ ಪದದ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಅಡಗಿರುತ್ತದೆ, ಹೆಸರಿನಲ್ಲಿ ಅದು ಬಂದರೆ ಪೈಥಾನ್ ಒಪ್ಪುವುದಿಲ್ಲ. ಬೋರ್ಡಿನ ಮೇಲೆ ನಾನು ಕನ್ನಡದಲ್ಲೇ ಹೆಸರು ಬರೆಯುತ್ತೇನೆ. ಲ್ಯಾಬಿನಲ್ಲಿ ಮಾತ್ರ ಅದೇ ಅಂಕ, ಮೊತ್ತಗಳನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಯುವ ಹಾಗೆ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಸುತ್ತೇನೆ, ಪದೇ ಪದೇ ಕೀಬೋರ್ಡ್ ಬದಲಿಸುವ ಕಿರಿಕಿರಿ ತಪ್ಪುತ್ತದೆ.

ಒಂದು ದಿನ ಇದನ್ನು ಮಾಡಿ ನೋಡಿ, ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರ? ಮೂರು ಅನ್ನುತ್ತಾರೆ. ಪೈಥಾನಿನಲ್ಲಿ ಉದ್ದ ಎಣಿಸುವ ಲೆನ್ ಫಂಕ್ಷನ್‌ಗೆ ಕೊಟ್ಟರೆ 5 ಅನ್ನುತ್ತದೆ. ಕ, ನ, ಒತ್ತಕ್ಷರ ಮಾಡಿಸುವ ಚಿಹ್ನೆ, ಇನ್ನೊಂದು ನ, ಡ. ‘ಮೈಸೂರು’ ಎಷ್ಟಾಗಬಹುದು ಎಂದು ಮೊದಲು ಊಹಿಸಲು ಹೇಳಿ. ಮೂರು ವ್ಯಂಜನ, ಮೂರು ಸ್ವರಚಿಹ್ನೆ, ಒಟ್ಟು 6. ಕಂಪ್ಯೂಟರ್ ನಮ್ಮ ಭಾಷೆಯನ್ನು ಒಳಗೆ ಹೇಗೆ ಇಟ್ಟುಕೊಂಡಿದೆ ಎನ್ನುವುದನ್ನು ತಮ್ಮದೇ ಊರಿನ ಹೆಸರು ಕೊಟ್ಟು ತಿಳಿದುಕೊಳ್ಳುವ ಮಕ್ಕಳ ಮುಖ ನೋಡಬೇಕು ನೀವು.

ನಿಮ್ಮ ವಿಷಯದಿಂದಲೇ ಒಂದು ಒಳ್ಳೆಯ ಗುರಿ ಇಟ್ಟುಕೊಳ್ಳಿ: ಭಾಜಕವನ್ನು ಶೇಷದಿಂದ ಮತ್ತೆ ಮತ್ತೆ ಭಾಗಿಸುವ ಯೂಕ್ಲಿಡ್ ಕ್ರಮದಿಂದ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ). 252 ಮತ್ತು 105 ಕೊಡಿ. ಶೇಷ 42, ಆಮೇಲೆ 21, ಆಮೇಲೆ 0, ಉತ್ತರ 21. ಕೈಯಲ್ಲಿ ಮೂರು ಭಾಗಾಕಾರ, ಪ್ರೋಗ್ರಾಮಿನಲ್ಲಿ ಪುಟ್ಟದೊಂದು ವೈಲ್ ಲೂಪಿನ ಮೂರು ಸುತ್ತು. ಕೈಲೆಕ್ಕದ ಸಾಲುಗಳನ್ನೂ ಕೋಷ್ಟಕದ ಸಾಲುಗಳನ್ನೂ ಪಕ್ಕಪಕ್ಕ ಇಟ್ಟರೆ ಲೂಪ್ ಅಂದರೇನು ಎಂದು ಬೇರೆ ವಿವರಣೆ ಬೇಕಾಗುವುದಿಲ್ಲ. ಆಮೇಲೆ ಐದಾರು ಅಂಕಿಯ ಸಂಖ್ಯೆಗಳನ್ನು ಕೊಡಿ.

ಕೆಂಪು ಅಕ್ಷರದ ಎರರ್ ಕಂಡ ಕೂಡಲೇ ಮಕ್ಕಳು ‘ಸರ್ ಹಾಳಾಯ್ತು’ ಅಂತ ಕೈ ತೆಗೆದುಬಿಡುತ್ತಾರೆ. ಕೊನೆಯ ಸಾಲನ್ನೂ ಲೈನ್ ನಂಬರನ್ನೂ ಮೊದಲು ಓದುವ ಅಭ್ಯಾಸ ಮಾಡಿಸಿ. ಬೇಕೆಂದೇ ಒಂದು ಆವರಣ ತೆಗೆದು, ಒಂದು ಅಕ್ಷರ ಕೆಡಿಸಿ, ಯಾವ ತಪ್ಪಿಗೆ ಯಾವ ಎರರ್ ಬರುತ್ತದೆ ಎಂದು ಅವರ ಕೈಯಲ್ಲೇ ಪಟ್ಟಿ ಮಾಡಿಸಿದರೆ ಹೆದರಿಕೆ ಹೋಗುತ್ತದೆ. ಮೊಬೈಲಿನಿಂದ ಕಾಪಿ ಮಾಡಿದ ಪ್ರೋಗ್ರಾಮಿನಲ್ಲಿ ಉದ್ಧರಣ ಚಿಹ್ನೆ ಬಾಗಿದ್ದರೆ ಅದೂ ಎರರ್ ಕೊಡುತ್ತದೆ, ನೆನಪಿರಲಿ.

ಸಾಫ್ಟ್‌ವೇರ್ ಥಾನಿ ಹಾಕಿಕೊಳ್ಳಿ, ಪೈಥಾನ್ ಬರೆಯುವುದೂ ಓಡಿಸುವುದೂ ಅದರಲ್ಲೇ. ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಕಲಿಯುವವರಿಗಾಗಿಯೇ ತಯಾರಾದದ್ದು, ಉಚಿತ, ಪೈಥಾನ್ ಅದರೊಳಗೇ ಬರುತ್ತದೆ, ಒಮ್ಮೆ ಹಾಕಿದ ಮೇಲೆ ಇಂಟರ್‌ನೆಟ್ ಬೇಡ. ಒಂದೊಂದೇ ಹೆಜ್ಜೆ ಓಡಿಸಿ, ಪ್ರತಿ ಹೆಸರಿನ ಬೆಲೆ ಬದಲಾಗುವುದನ್ನು ಪಕ್ಕದಲ್ಲೇ ತೋರಿಸುತ್ತದೆ. ಮಕ್ಕಳು ಬರೆದ ಕೋಷ್ಟಕವನ್ನು ಅದರೊಂದಿಗೆ ತಾಳೆ ನೋಡಬಹುದು. ಲ್ಯಾಬಿನಲ್ಲಿ ವಿಂಡೋಸ್ 7 ಇದ್ದರೆ ಹೊಸ ಪೈಥಾನ್ ಅದರಲ್ಲಿ ಕೂರುವುದಿಲ್ಲ, ಪೈಥಾನ್ 3.8 ಇರುವ ಆವೃತ್ತಿ ಬೇಕು. ನಿಮ್ಮಲ್ಲಿ ಯಾವುದಿದೆ ಎಂದು ತಿಳಿಸಿ, ಹಾಕಿಕೊಳ್ಳುವ ಕ್ರಮ ಬರೆದು ಕಳಿಸುತ್ತೇನೆ.