ಶೈಲಿ ಆಮೇಲೆ, ಹಿಂದಿನ ಬೀದಿಗೆ ಹೋಗಿದ್ರಾ?

"ಭಾಷೆ ಚೆನ್ನಾಗಿದೆ ಅಂತಾರೆ, ಆದರೂ ಪುರವಣಿಯವರು ನನ್ನ ನುಡಿಚಿತ್ರ (ಫೀಚರ್ ಲೇಖನ) ವಾಪಸ್ ಕಳಿಸ್ತಾರೆ, ಶೈಲಿ ಸುಧಾರಿಸೋಕೆ ಯಾವ ಕೋರ್ಸ್ ಮಾಡಲಿ" ಅಂತ ಕೇಳಿದ್ದೀರಿ. ಅಯ್ಯೋ, ಇದು ನಾನೇ. ಕೋರ್ಸ್ ಮಾತು ಆಮೇಲೆ. ಮೊದಲು ಒಂದು ಕಂಬಳಿ ಕತೆ ಕೇಳಿ.

ಎಂಟು ವರ್ಷದ ಹಿಂದಿನ ಮಾತು. ಆಗ ನಾನು ಹವ್ಯಾಸಿ ಬರಹಗಾರ, ಪ್ರಕಟವಾದರೆ ಹಬ್ಬ, ಇಲ್ಲದಿದ್ದರೆ ಇಲ್ಲ. ಚಳ್ಳಕೆರೆ ಕಡೆಯ ಒಂದು ಹಳ್ಳಿಯಲ್ಲಿ ಕೈಮಗ್ಗದ ಕಂಬಳಿ ನೇಯುವವರು ಇದ್ದಾರೆ ಅಂತ ಯಾರೋ ಹೇಳಿದರು. ಹೊರಟೆ. ಬಸ್ಸಿನಲ್ಲಿ ಕೂತಾಗಲೇ ಮೊದಲ ಸಾಲು ಹೊಳೆದುಬಿಟ್ಟಿತು: "ಊರಿನ ಕೊನೆಯ ಮಗ್ಗ ಇನ್ನೂ ಉಸಿರಾಡುತ್ತಿದೆ." ಎಷ್ಟು ಖುಷಿಯಾಯ್ತು ಅಂದರೆ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಮಗ್ಗ ನೋಡಿಲ್ಲ, ಮನುಷ್ಯನನ್ನು ನೋಡಿಲ್ಲ, ಇಂಟ್ರೋ ಮಾತ್ರ ರೆಡಿ.

ಬಸ್ಸಿಳಿದು ನಡೆದರೆ ಊರಿನ ತುದಿಯಲ್ಲಿ ಸಿಗುವ ಮೊದಲ ಮನೆಯೇ ಒಬ್ಬ ನೇಕಾರರದು. ಅಂಗಳದ ಉದ್ದಕ್ಕೂ ಕರಿ ಉಣ್ಣೆಯ ಹಾಸು, ಅಂದರೆ ಮಗ್ಗಕ್ಕೇರಿಸುವ ಉದ್ದದ ಎಳೆಗಳನ್ನು, ಎಳೆದು ಕಟ್ಟಿದ್ದರು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಅರೆದು ಕುದಿಸಿದ ಗಂಜಿಯನ್ನು ದೊಡ್ಡ ಬ್ರಷ್‌ನಲ್ಲಿ ಅದಕ್ಕೆ ಬಳಿಯುತ್ತಿದ್ದರು. ಆ ಗಂಜಿ ಕುಡಿದರೆ ಎಳೆ ಗಟ್ಟಿಯಾಗುತ್ತದೆ, ಅಡ್ಡ ಎಳೆ ಒಯ್ಯುವ ಲಾಳಿ ಓಡುವಾಗ ಪುಸುಕ್ಕನೆ ಕಿತ್ತುಬರಲ್ಲ. ಯಜಮಾನರ ಉಗುರು ಸಂದಿಯಲ್ಲೆಲ್ಲ ಅದು ಒಣಗಿ ಕಂದು ಹಿಡಿದಿತ್ತು. ಅವರ ಹೆಂಡತಿ ಪಡಸಾಲೆಯಲ್ಲಿ ರಾಟೆ ಹಿಡಿದು ಕೂತಿದ್ದರು, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಕೇಳಿದೆ, "ಈಗ ಮಗ್ಗ ಎಷ್ಟು ಉಳಿದಿವೆ?" ಅವರು ಬ್ರಷ್ ಬಿಡದೆ, "ಈ ಬೀದೀಲಿ ಕೊನೇ ಮಗ್ಗ ನಮ್ದೇ ಸಾರ್" ಅಂದರು.

ನಾನು ಕೆಟ್ಟಿದ್ದು ಇಲ್ಲಿ. ಆ ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಬರೆದಿರೋದು ಇಷ್ಟೇ: "ಕೊನೇ ಮಗ್ಗ, ಇವರದೇ." "ಈ ಬೀದೀಲಿ" ಅನ್ನೋ ಮಾತೇ ಇಲ್ಲ. ಕಿವಿಗೆ ಬಿದ್ದಿದೆ, ಕೈಗೆ ಬಂದಿಲ್ಲ. ಯಾಕೆ ಅಂದರೆ ನನಗೆ ಬೇಕಾಗಿದ್ದ ಪದ "ಕೊನೆ" ಒಂದೇ, ಅದು ಸಿಕ್ಕಿತಲ್ಲ! ಇನ್ನೊಂದು ಗಮನಿಸಿ. ನಮ್ಮಲ್ಲಿ ಕೊನೆ ಅಂದರೆ ಎರಡು ಅರ್ಥ. ಎಲ್ಲ ಹೋಗಿ ಉಳಿದದ್ದೂ ಕೊನೆಯೇ, ಸಾಲಿನ ತುದಿಯಲ್ಲಿರೋದೂ ಕೊನೆಯೇ. ಅವರು ಹೇಳಿದ್ದು ಬೀದಿಯ ತುದಿ. ನಾನು ತಿಳಿದದ್ದು ಕಸುಬಿನ ತುದಿ. "ಹಾಗಂದ್ರೆ?" ಅಂತ ಒಂದೇ ಒಂದು ಸಲ ಕೇಳಿದ್ದರೆ ಮುಗೀತಿತ್ತು. ಕೇಳಲಿಲ್ಲ. ಅಥವಾ ಎದ್ದು ನಾಲ್ಕು ಹೆಜ್ಜೆ ಆಚೆ ಹೋಗಿದ್ದರೂ ಸಾಕಿತ್ತು. ಮೂರೂವರೆ ಬಸ್ ತಪ್ಪಿಸಿಕೊಳ್ಳಬಾರದು ಅಂತ ಫೋಟೋ ಹೊಡೆದುಕೊಂಡು ಬಂದೆ.

ಭಾನುವಾರ ಪ್ರಕಟವಾಯ್ತು, ಅರ್ಧ ಪುಟ. ಸೋಮವಾರ ಬೆಳಿಗ್ಗೆ ಆ ಊರಿಂದಲೇ ಫೋನು. "ಸಾರ್, ನಾವೇನ್ ಸತ್ತೋಗಿದೀವಾ?"

ಗುಡಿಯ ಹಿಂದಿನ ಬೀದಿಯಲ್ಲಿ ಇನ್ನೂ ಏಳು ಮಗ್ಗ ಇದ್ದವಂತೆ. ನನಗೆ ಬೈದಿದ್ದರೆ ಹೋಗಲಿ ಅನ್ನಬಹುದಿತ್ತು. ಊರವರು ಹಿಡಿದಿದ್ದು ಆ ಯಜಮಾನರನ್ನು. ಸರ್ಕಾರದ ದುಡ್ಡು ಹೊಡೆಯೋಕೆ "ನಾನೊಬ್ಬನೇ ಉಳಿದಿದ್ದೀನಿ" ಅಂತ ಪೇಪರ್‌ನಲ್ಲಿ ಹಾಕಿಸಿಕೊಂಡಿದ್ದಾನೆ ಅಂತ ಮಾತು ಹಬ್ಬಿ, ನೇಕಾರರ ಸಂಘದ ಸಭೆಯಲ್ಲಿ ಅವರನ್ನು ನಿಲ್ಲಿಸಿ ಕೇಳಿದರಂತೆ. ಪತ್ರಿಕೆ ಒಳಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿತು. ಆಮೇಲೆ ಒಂದೂವರೆ ವರ್ಷ ಪತ್ರಿಕೆಯ ಡೆಸ್ಕ್‌ನವರು (ಬರಹ ಆರಿಸಿ ತಿದ್ದುವವರು) ನನ್ನ ಹೆಸರು ಕಂಡರೆ ಮೇಲ್ ತೆರೆಯುತ್ತಲೇ ಇರಲಿಲ್ಲ. ಸರಿಯಾಗೇ ಮಾಡಿದರು.

ಅಮೆರಿಕದ ಪತ್ರಕರ್ತೆ ಜಾನೆಟ್ ಕುಕ್ ಕತೆ ನೀವು ಕೇಳಿರಬಹುದು. ಹೆರಾಯಿನ್ ಚಟಕ್ಕೆ ಬಿದ್ದ ಎಂಟು ವರ್ಷದ ಹುಡುಗನ ಬಗ್ಗೆ 1980ರಲ್ಲಿ ವಾಷಿಂಗ್ಟನ್ ಪೋಸ್ಟ್‌ಗೆ ನುಡಿಚಿತ್ರ ಬರೆದರು, 1981ರಲ್ಲಿ ಅಲ್ಲಿನ ಪತ್ರಕರ್ತರ ದೊಡ್ಡ ಬಹುಮಾನ ಪುಲಿಟ್ಜರ್ ಬಂತು, ಅಂಥ ಹುಡುಗನೇ ಇಲ್ಲ ಅಂತ ಗೊತ್ತಾಗಿ ಬಹುಮಾನ ವಾಪಸ್ ಹೋಯ್ತು. ನಾನು ಹುಡುಗನನ್ನು ಹುಟ್ಟಿಸಲಿಲ್ಲ, ನಿಜ. ಏಳು ಮಗ್ಗ ಅಳಿಸಿದೆ. ದೊಡ್ಡ ವ್ಯತ್ಯಾಸವೇನೂ ನನಗೆ ಕಾಣಲ್ಲ.

ಮತ್ತೆ ಅಲ್ಲಿಗೆ ಹೋಗೋಕೆ ಮೂರು ತಿಂಗಳು ಬೇಕಾಯ್ತು. ಯಜಮಾನರು ಕೂರಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಸುಮ್ನೆ ಎದ್ದು ಹಿಂದಿನ ಬೀದಿಗೆ ಕರೆದುಕೊಂಡು ಹೋಗಿ ಒಂದೊಂದೇ ಕುಣಿ ಮಗ್ಗ (ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯೋದು) ತೋರಿಸಿ ಎಣಿಸಿದರು. ಏಳರಲ್ಲಿ ಮೂರು ಮಗ್ಗದ ಮೇಲೆ ಹಾಸೇ ಇರಲಿಲ್ಲ. ಯಾಕೆ ಅಂದೆ. "ಉಣ್ಣೆ ಎಲ್ಲೈತೆ ಸಾರ್?" ನೋಡಿ, ಅಸಲಿ ಕತೆ ಇದು! ಕರಿ ಉಣ್ಣೆ ಕೊಡುವ ಡೆಕ್ಕನಿ ಕುರಿ ಬಿಟ್ಟು, ಕುರಿ ಸಾಕುವವರು ಮಾಂಸಕ್ಕೆ ಅಂತ ನೆಲ್ಲೂರು ತಳಿ ಕಡೆ ಹೋಗುತ್ತಿದ್ದಾರೆ, ಅದರ ಮೈಮೇಲೆ ಕಂಬಳಿಗಾಗುವ ಉಣ್ಣೆಯೇ ಇಲ್ಲ. ನೇಯುವ ಕೈ ಇವೆ, ಮಗ್ಗ ಇವೆ, ಕುರಿ ಬದಲಾಗಿದೆ. ಇದು ನನಗೆ ಬಸ್ಸಿನಲ್ಲಿ ಹೊಳೆಯೋಕೆ ಸಾಧ್ಯವೇ ಇರಲಿಲ್ಲ.

ಈಗ ನಿಮ್ಮ ಪ್ರಶ್ನೆ. ನೀವು ಕೇಳಿದ್ದೇ ತಪ್ಪು ಅನ್ನೋದು ನನ್ನ ಅನಿಸಿಕೆ. ನಿಮಗೆ ಶೈಲಿ ಕಮ್ಮಿ ಬಿದ್ದಿಲ್ಲ, ಜಾಸ್ತಿ ಆಗಿದೆ. ಭಾಷೆ ಚೆನ್ನಾಗಿದೆ ಅಂತ ಹೇಳಿ ವಾಪಸ್ ಕಳಿಸ್ತಾರೆ ಅಂದರೆ ಒಳಗೆ ಸರಕು ಇಲ್ಲ ಅಂತ ಮರ್ಯಾದೆಯಿಂದ ಹೇಳ್ತಿದ್ದಾರೆ. ಕೋರ್ಸ್ ಫೀಸು ಬಸ್ ಚಾರ್ಜಿಗೆ ಇಟ್ಟುಕೊಳ್ಳಿ. ಒಂದು ನುಡಿಚಿತ್ರಕ್ಕೆ ಎರಡು ಸಲ ಹೋಗಿ, ಎರಡನೇ ಸಲ ಕ್ಯಾಮೆರಾ ಬೇಡ. ಮುಖ್ಯ ಪಾತ್ರದ ಮಾತನ್ನು ಒಪ್ಪದ ಒಬ್ಬರನ್ನಾದರೂ ಹುಡುಕಿ ಮಾತಾಡಿಸಿ. "ಕೊನೆಯ", "ಏಕೈಕ", "ಅಳಿವಿನಂಚಿನಲ್ಲಿ" ಇವು ಬರೆಯೋಕೆ ಕೈ ಬಂದರೆ ಪೆನ್ನು ಕೆಳಗಿಟ್ಟು ಎಣಿಸಿಕೊಂಡು ಬನ್ನಿ. ಹೇಳಿದ ಮಾತನ್ನು ಪೂರ್ತಿ ಬರೆದುಕೊಳ್ಳಿ, ನಿಮಗೆ ಬೇಕಾದ ಪದ ಮಾತ್ರ ಅಲ್ಲ. ಪತ್ರಿಕೋದ್ಯಮದ ಕೋರ್ಸ್ ಪೂರಾ ದಂಡ ಅಂತ ಹೇಳ್ತಿಲ್ಲ, ಡೆಸ್ಕ್ ಕೆಲಸ ಬೇಕಿದ್ದರೆ ಮಾಡಿ, ಅದು ಬೇರೆ ಮಾತು.

ವಾಪಸ್ ಬಂದ ಆ ನುಡಿಚಿತ್ರ ಇನ್ನೂ ಇಟ್ಟುಕೊಂಡಿದ್ದೀರಲ್ವಾ? ಮೊದಲ ಎರಡು ಪ್ಯಾರಾ ಮುಚ್ಚಿ, ಮೂರನೆಯದರಿಂದ ಓದಿ ನೋಡಿ. ಅಲ್ಲಿಗೆ ಹೋಗಿ ಬಂದ ಮೇಲೆ ಮಾತ್ರ ಬರೆಯಬಹುದಾದ ಸಾಲು ಎಷ್ಟಿವೆ, ಪಕ್ಕದಲ್ಲಿ ಗೀಟು ಹಾಕುತ್ತಾ ಹೋಗಿ. ನನ್ನ ಕಂಬಳಿ ನುಡಿಚಿತ್ರದಲ್ಲಿ ಅರ್ಧ ಪುಟಕ್ಕೆ ನಾಲ್ಕೇ ಸಿಕ್ಕವು. ನಾಲ್ಕೂ ಹುಣಸೆ ಬೀಜದ ಬಗ್ಗೆ.