ಕನ್ನಡ ಶಾಲೆಯ ಹತ್ತು ವರ್ಷ ಲೆಕ್ಕಕ್ಕೆ ಬರಲಿ

ತಿಪಟೂರು ಕಡೆಯಿಂದ ಒಬ್ಬ ತಾಯಿ ಬರೆದಿದ್ದಾರೆ. ಸಿಇಟಿ ರ‍್ಯಾಂಕ್ ಬಂದ ಮೇಲಿನ ವಾರಗಳಲ್ಲಿ ಇಂಥ ಪತ್ರಗಳು ಬರುತ್ತಲೇ ಇರುತ್ತವೆ. ಹೆಚ್ಚಿನವಕ್ಕೆ ನಾಲ್ಕು ಸಾಲಿನ ಉತ್ತರ ಸಾಕು. ಇದಕ್ಕೆ ಸಾಲದು. ಇಡೀ ಅಂಕಣವನ್ನು ಇದೊಂದಕ್ಕೇ ಕೊಡುತ್ತಿದ್ದೇನೆ. ಏಕೆಂದರೆ ಈ ತಾಯಿ ನಾಚಿಕೊಂಡು ಬರೆದ ಒಂದು ಸಾಲಿನಲ್ಲೇ ಮಗಳ ಸೀಟು ಇದೆ.

ಸಂಗತಿ ಹೀಗಿದೆ. ಮಗಳಿಗೆ ಎಂಜಿನಿಯರಿಂಗ್‌ನಲ್ಲಿ 27 ಸಾವಿರದ ಆಸುಪಾಸಿನ ರ‍್ಯಾಂಕ್. ಹಿಂದುಳಿದ ವರ್ಗಗಳ ಪ್ರವರ್ಗ 2ಎ. ಮನೆಗೆ ಒಂದೂವರೆ ಎಕರೆ ತೆಂಗು, ಜೊತೆಗೆ ಈ ತಾಯಿಯ ಹೊಲಿಗೆ ಯಂತ್ರ. ಪಿಯುಸಿಯ ಎರಡು ವರ್ಷ ಫೀಸು, ಹಾಸ್ಟೆಲು ಎರಡನ್ನೂ ಕಟ್ಟಿದವರು ಬೆಂಗಳೂರಿನಲ್ಲಿರುವ ಇವರ ಅಣ್ಣ. ಈಗ ಆಪ್ಷನ್ ಎಂಟ್ರಿಯೂ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿಯನ್ನು ಆನ್‌ಲೈನಿನಲ್ಲಿ ಹಾಕುವ ಕೆಲಸವೂ, ಅವರದೇ ಕೈಯಲ್ಲಿ; ಪಾಸ್‌ವರ್ಡ್ ಅವರ ಹತ್ತಿರ, ಮೆಸೇಜು ಬರುವುದು ಅವರ ಫೋನಿಗೆ. ಅವರು ಹಾಕಿರುವುದು ಹತ್ತು ಆಯ್ಕೆ. ಆರ್.ವಿ., ಪಿಇಎಸ್, ಬಿಎಂಎಸ್, ರಾಮಯ್ಯ, ಯುವಿಸಿಇ, ಹೀಗೆ. ಎಲ್ಲವೂ ಬೆಂಗಳೂರು, ಎಲ್ಲವೂ ಕಂಪ್ಯೂಟರ್ ಸೈನ್ಸ್. 'ಈ ರ‍್ಯಾಂಕಿಗೆ ಬೇರೆಲ್ಲೂ ಒಳ್ಳೇದು ಸಿಗಲ್ಲ, ಅದೃಷ್ಟ ನೋಡೋಣ' ಎಂದಿದ್ದಾರಂತೆ. ಅದೂ ಸಿಗದಿದ್ದರೆ ಮತ್ತೆ ಸಿಇಟಿ ಬರೆಯಲು ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್, ಇಲ್ಲವೇ ಅರ್ಧ ಎಕರೆ ಮಾರಿ ಮ್ಯಾನೇಜ್‌ಮೆಂಟ್ ಸೀಟು. 'ಅಣ್ಣನ ಋಣ ದೊಡ್ಡದು, ಎದುರು ಮಾತಾಡೋಕೆ ಬಾಯಿ ಬರಲ್ಲ. ತೋಟ ಮಾರಬೇಕಾ ಮೇಡಂ?' ಎಂದು ಕೇಳಿದ್ದಾರೆ.

ತೋಟ ಮಾರಬೇಡಿ. ಅದರ ಬಗ್ಗೆ ಇನ್ನು ಮಾತಿಲ್ಲ.

ಈಗ ಆ ಸಾಲಿಗೆ ಬರೋಣ. ಪತ್ರದ ಕೊನೆಯಲ್ಲಿ, ಕ್ಷಮೆ ಕೇಳುವವರ ಹಾಗೆ ಬರೆದಿದ್ದಾರೆ: 'ಏಳರವರೆಗೆ ನಮ್ಮೂರ ಶಾಲೆ, ಆಮೇಲೆ ಪಕ್ಕದ ಊರಿನ ಹೈಸ್ಕೂಲು, ಎಲ್ಲಾ ಕನ್ನಡವೇ. ಅದಕ್ಕೇ ಇಂಗ್ಲಿಷಲ್ಲಿ ಹಿಂದೆ ಬಿದ್ದಳು. ತಪ್ಪು ನಮ್ಮದು.' ಅದರ ಪಕ್ಕದಲ್ಲೇ ಇನ್ನೊಂದು ಮಾತು: ಹೆಡ್‌ಮಾಸ್ತರರ ಹತ್ತಿರ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಓಡಾಡಿ ಎರಡು ಪ್ರಮಾಣಪತ್ರಗಳಿಗೆ ಸಹಿ ಮಾಡಿಸಿದ್ದೆ, ವೆರಿಫಿಕೇಷನ್ ಸ್ಲಿಪ್‌ನಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ ಎರಡಕ್ಕೂ 'ಹೌದು' ಅಂತಿದೆ, ಅದರಿಂದ ಏನಾದರೂ ಉಪಯೋಗ ಇದೆಯಾ ಗೊತ್ತಿಲ್ಲ.

ಅಮ್ಮಾ, ಉಪಯೋಗ ಇದೆ. ನಿಮ್ಮ ಮನೆಯಲ್ಲಿ ಈ ಸೀಟಿಗಾಗಿ ಅತಿ ಮುಖ್ಯವಾದ ಕೆಲಸ ಮಾಡಿದವರು ನೀವು. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ 15, ಆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಿದೆ. ಪ್ರತಿ ವರ್ಗದೊಳಗೂ ಇವು ಅನ್ವಯವಾಗುತ್ತವೆ. ಕನ್ನಡ ಶಾಲೆಗೆ ಕಳಿಸಿದ್ದಕ್ಕೆ ಇನ್ನು ಮುಂದೆ ಯಾರ ಮುಂದೆಯೂ, ಮುಖ್ಯವಾಗಿ ಆ ಹುಡುಗಿಯ ಮುಂದೆ, 'ತಪ್ಪು ನಮ್ಮದು' ಅನ್ನಬೇಡಿ. ಕನ್ನಡದಲ್ಲಿ ವಿಜ್ಞಾನ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಹೊರಳಿ, ಈ ರ‍್ಯಾಂಕ್ ತಂದ ಹುಡುಗಿ ಹಿಂದೆ ಬಿದ್ದವಳಲ್ಲ.

ನಿಮ್ಮ ಅಣ್ಣ ಎಡವಿದ್ದು ಎಲ್ಲಿ ಎಂದು ನನಗೆ ಕಾಣುತ್ತಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ವರ್ಷವರ್ಷವೂ ಕಟಾಫ್ ಪಟ್ಟಿ ಹಾಕುತ್ತದೆ. ಯಾವ ಕಾಲೇಜಿನ ಯಾವ ಕೋರ್ಸಿನಲ್ಲಿ, ಯಾವ ವರ್ಗದಲ್ಲಿ, ಕೊನೆಯ ಸೀಟು ಯಾವ ರ‍್ಯಾಂಕಿಗೆ ಮುಗಿಯಿತು ಎಂದು. ಅದರಲ್ಲಿ ಅವರು ನೋಡಿರುವುದು ಮೊದಲು ಕಣ್ಣಿಗೆ ಬೀಳುವ ಜಿಎಂ, ಅಂದರೆ ಸಾಮಾನ್ಯ ವರ್ಗದ ಕಾಲಂ. ಅದನ್ನು ನೋಡಿದರೆ 27 ಸಾವಿರ ಏನಕ್ಕೂ ಬಾರದ್ದು ಅನ್ನಿಸುವುದು ಸಹಜ. ಆದರೆ ನಿಮ್ಮ ಮಗಳಿಗೆ ಆರು ಕಾಲಂ ಇವೆ: ಜಿಎಂ, ಜಿಎಂಆರ್, ಜಿಎಂಕೆ, 2ಎಜಿ, 2ಎಆರ್, 2ಎಕೆ. 2ಎ ಮುಂದಿನ ಜಿ ಅಂದರೆ ಆ ಪ್ರವರ್ಗದ ಸಾಮಾನ್ಯ ಸೀಟು, ಕೊನೆಯ ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಈ ಆರರಲ್ಲಿ ಎಲ್ಲಿ ಸಂಖ್ಯೆ ಅತಿ ದೊಡ್ಡದೋ ಅದೇ ಆ ಕೋರ್ಸಿಗೆ ಅವಳ ಬಾಗಿಲು. ಒಂದೇ ಸಾಲಿನಲ್ಲಿ ಜಿಎಂ ಸಂಖ್ಯೆಗೂ ಜಿಎಂಕೆ, 2ಎಕೆ ಸಂಖ್ಯೆಗೂ ಎಷ್ಟು ಅಂತರವಿರುತ್ತದೆ ಎಂಬುದನ್ನು ನೀವೇ ಬೆರಳಿಟ್ಟು ನೋಡಿ.

ಒಂದು ಎಚ್ಚರಿಕೆ ಇದೆ. ಕೆ ಕಾಲಂನಲ್ಲಿ ಒಂದು ಕೋರ್ಸಿಗೆ ಒಂದೋ ಎರಡೋ ಸೀಟು ಇರುತ್ತವೆ, ಕೆಲವೆಡೆ ಖಾನೆಯೇ ಖಾಲಿ. ಸೀಟು ಕಡಿಮೆ ಇದ್ದಲ್ಲಿ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹಾರಾಡುತ್ತದೆ. ಹಾಗಾಗಿ ಒಂದೇ ವರ್ಷದ್ದನ್ನು ನಂಬಬೇಡಿ, ಮೂರು ವರ್ಷದ್ದನ್ನು ಪಕ್ಕಪಕ್ಕ ಇಡಿ. ಸೀಟು ಹಂಚಿಕೆಯ ಮೊದಲ ಸುತ್ತಿನ ಕಟಾಫನ್ನು ಇನ್ನೊಂದು ವರ್ಷದ ಕೊನೆ ಸುತ್ತಿನದರ ಜೊತೆ ಹೋಲಿಸಬೇಡಿ. ಕಂಪ್ಯೂಟರ್ ಸೈನ್ಸ್ ಸೀಟುಗಳು ಈಚಿನ ವರ್ಷಗಳಲ್ಲಿ ಏರಿರುವುದರಿಂದ ಹಳೆಯ ಸಂಖ್ಯೆ ಹಾಗೇ ಮರುಕಳಿಸುತ್ತದೆ ಅಂತಲೂ ಇಲ್ಲ. ಕಟಾಫ್ ದಾರಿ ತೋರಿಸುತ್ತದೆ, ಮಾತು ಕೊಡುವುದಿಲ್ಲ.

ಇನ್ನು ಆ ಹತ್ತು ಆಯ್ಕೆಗಳು. ಆರ್.ವಿ. ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸಾಮಾನ್ಯ ವರ್ಗದಲ್ಲಿ ಸಾವಿರದೊಳಗಿನ ರ‍್ಯಾಂಕಿಗೇ ಮುಗಿದುಹೋಗುತ್ತದೆ. ಅದನ್ನು ಮೇಲೆ ಬರೆದದ್ದು ತಪ್ಪಲ್ಲ. ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ: ಎಟುಕದ ಕಾಲೇಜನ್ನು ಮೇಲೆ ಬರೆದರೆ ಏನೂ ಕಳೆದುಕೊಳ್ಳುವುದಿಲ್ಲ. ಕಂಪ್ಯೂಟರ್ ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತ ಬರುತ್ತದೆ, ಮೊದಲು ಸಿಕ್ಕ ಖಾಲಿ ಸೀಟನ್ನು ಕೊಟ್ಟು ನಿಲ್ಲುತ್ತದೆ. ಕೆಳಗೆ ಐವತ್ತು ಹೆಸರು ಬರೆದಿದ್ದಕ್ಕೆ ಮೇಲಿನ ಸೀಟು ತಪ್ಪುವುದಿಲ್ಲ. ತಪ್ಪಿರುವುದು ಪಟ್ಟಿ ಹತ್ತಕ್ಕೇ ನಿಂತದ್ದರಲ್ಲಿ. ಹತ್ತನೆಯದೂ ಸಿಗದಿದ್ದರೆ ಕಂಪ್ಯೂಟರಿಗೆ ಓದಲು ಮುಂದೆ ಏನೂ ಇಲ್ಲ, ಸೀಟೂ ಇಲ್ಲ. ಮುಂದಿನ ಸುತ್ತಿನಲ್ಲಿ ಹೊಸ ಹೆಸರು ಸೇರಿಸಲು ಬಿಡುತ್ತಾರೆಂದು ನೆಚ್ಚಿಕೊಂಡು ಕೂರಬೇಡಿ.

ಪಟ್ಟಿಯ ಮೇಲ್ಭಾಗದಲ್ಲಿ ಆಸೆಯ ಕಾಲೇಜುಗಳು ನಾಲ್ಕೈದು ಇರಲಿ, ಅಣ್ಣನ ಮನಸ್ಸಿಗೂ ಸಮಾಧಾನ. ಉದ್ದವಾಗಿರಬೇಕಾದದ್ದು ನಡುಭಾಗ. ಆರು ಕಾಲಂನ ದೊಡ್ಡ ಸಂಖ್ಯೆ ಮೂರೂ ವರ್ಷ ಅವಳ ರ‍್ಯಾಂಕಿನ ಸುತ್ತಮುತ್ತ, ಅಂದರೆ ಇಪ್ಪತ್ತರಿಂದ ಮೂವತ್ತೈದು ಸಾವಿರದ ನಡುವೆ ಓಡಾಡಿರುವ ಕೋರ್ಸುಗಳೆಲ್ಲ ಅಲ್ಲಿ ಬರಲಿ. ತಳದಲ್ಲಿ, ಮೂರೂ ವರ್ಷ ಸಂಖ್ಯೆ ಅವಳ ರ‍್ಯಾಂಕಿನ ಎರಡರಷ್ಟು ದಾಟಿದ ಕೆಲವು. ಆದರೆ ಸಿಕ್ಕರೆ ನಿಜವಾಗಿ ಹೋಗುತ್ತೇನೆ ಎಂದು ಅವಳು ಹೇಳುವ ಕಾಲೇಜು ಮಾತ್ರ. ಹೋಗಲಾರದ ಕಾಲೇಜಿನ ಹೆಸರು ಬರೆದರೆ ಅದೇ ಸಿಗುತ್ತದೆ. ಪ್ರತಿ ಹೆಸರಿನ ಮುಂದೆ ಫೀಸು ಬರೆಯಿರಿ. ಹಳೆಯ ಕಾಲೇಜುಗಳ ಹಳೆಯ ವಿಭಾಗಗಳಲ್ಲಿ ಅನುದಾನಿತ ಸೀಟುಗಳಿವೆ, ಫೀಸು ಕಡಿಮೆ; ಅದೇ ಕಾಲೇಜು ಅನುದಾನಿತ, ಅನುದಾನರಹಿತ ಎಂದು ಎರಡು ಕೋಡ್‌ಗಳಲ್ಲಿ ಬರುತ್ತದೆ. ಕಡಿಮೆ ಫೀಸಿನದನ್ನು ಮೇಲೆ ಬರೆಯುವುದಿರಲಿ, ಬರೆಯುವುದನ್ನೇ ಮರೆತ ಮನೆಗಳನ್ನು ನೋಡಿದ್ದೇನೆ.

ಬೆಂಗಳೂರು ದಾಟಿದರೆ ಕಾಲೇಜೇ ಇಲ್ಲ ಎಂಬ ಮಾತು ನನಗೆ ಮೊದಲಿನಿಂದಲೂ ಆಗದು. ನಿಮ್ಮೂರಿಂದ ರೈಲು ಹತ್ತಿದರೆ ತುಮಕೂರಿನ ಸಿದ್ಧಗಂಗಾ. ಅದೂ ಆರ್.ವಿ.ಯೂ ಶುರುವಾದದ್ದು ಒಂದೇ ವರ್ಷ, 1963ರಲ್ಲಿ. ಹಾಸನದ ಮಲೆನಾಡು ಕಾಲೇಜು 1960ರದು, ಮಂಡ್ಯದ ಪಿಇಎಸ್ 1962ರದು, ಮೈಸೂರಿನ ಎನ್‌ಐಇ 1946ರದು. ಇವುಗಳಲ್ಲಿ ಓದಿದವರು ನಿಮ್ಮ ಅಣ್ಣನ ಆಫೀಸಿನಲ್ಲೇ ಸಾಲಾಗಿ ಕೂತಿರುತ್ತಾರೆ, ಕೇಳಿ ನೋಡಲಿ. ತಿಪಟೂರಿನಲ್ಲೇ ಕಲ್ಪತರು ಇದೆ. ಹಾಸನ, ಕೆ.ಆರ್. ಪೇಟೆ, ರಾಮನಗರ, ಚಾಮರಾಜನಗರಗಳಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಬೆಂಗಳೂರೇ ಬೇಕೆಂದರೆ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1917ರಲ್ಲಿ ಶುರುವಾದ ಯುವಿಸಿಇಯಲ್ಲಿ ಕಂಪ್ಯೂಟರ್ ಸೈನ್ಸ್ ಬಿಟ್ಟೂ ವಿಭಾಗಗಳಿವೆ. ಅವುಗಳ ಆರು ಕಾಲಂ ಯಾಕೆ ಯಾರೂ ನೋಡಿಲ್ಲ?

ಇಲ್ಲಿ ಮಗಳ ಮಾತು ಬರಬೇಕು. ಇಡೀ ಪತ್ರದಲ್ಲಿ ಅವಳ ಮಾತು ಒಂದೇ ಸಲ ಬಂದಿದೆ: 'ಎಲೆಕ್ಟ್ರಿಕಲ್ ಆದರೂ ಇಷ್ಟವೇ ಅಂತಾಳೆ, ಮೊದಲಿಂದ ಮೋಟಾರು, ಪಂಪ್‌ಸೆಟ್ಟು ಬಿಚ್ಚಿ ನೋಡೋ ಹುಚ್ಚು.' ನೀವು ಅದನ್ನು ಹುಚ್ಚು ಅಂದಿರಿ, ಮಾವ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಹತ್ತು ಆಯ್ಕೆಯಲ್ಲಿ ಒಂದೂ ಎಲೆಕ್ಟ್ರಿಕಲ್ ಇಲ್ಲ. ತೋಟದ ಮೋಟಾರು ಕೆಟ್ಟಾಗ ಪಕ್ಕದಲ್ಲಿ ಕೂತು ನೋಡಿದ ಹುಡುಗಿ ಎಲೆಕ್ಟ್ರಿಕಲ್ ಕೇಳಿದರೆ ಅದು ಕಂಪ್ಯೂಟರ್ ಸೈನ್ಸ್ ಸಿಗದೇ ಹೋದದ್ದಕ್ಕೆ ಸಮಾಧಾನವಲ್ಲ, ಅದೇ ಅವಳ ಮೊದಲ ಆಯ್ಕೆ ಇರಬಹುದು. ಕಂಪ್ಯೂಟರ್ ಸೈನ್ಸ್‌ಗಿಂತ ಎಲೆಕ್ಟ್ರಿಕಲ್ ಕಟಾಫ್ ಸಾಮಾನ್ಯವಾಗಿ ಸಡಿಲ. ಅನುದಾನಿತ ಸೀಟು ಸಿಗುವುದೂ ಹೆಚ್ಚಾಗಿ ಇಂಥ ಹಳೆಯ ವಿಭಾಗಗಳಲ್ಲೇ. ಅವಳ ಇಷ್ಟ, ಅವಳ ರ‍್ಯಾಂಕು, ನಿಮ್ಮ ಜೇಬು ಮೂರೂ ಒಂದೇ ಕಡೆ ಕೂಡುವ ಜಾಗ ಅದು. ಅದನ್ನು ಯಾರೂ ಬರೆದಿಲ್ಲ ಎಂಬುದು ನನಗೆ ತುಂಬ ನೋವು ಕೊಟ್ಟಿತು.

ಅಣ್ಣನ ಮೇಲೆ ನನಗೆ ಬೇಸರವಿದೆ, ಸಿಟ್ಟಿಲ್ಲ. ಎರಡು ವರ್ಷ ತನ್ನ ಮಕ್ಕಳ ಜೊತೆಗೆ ತಂಗಿಯ ಮಗಳ ಫೀಸನ್ನೂ ಕಟ್ಟುವವರು ಕಡಿಮೆ. ನನ್ನ ಸಿಟ್ಟು ಆ ಪಿಯು ಕಾಲೇಜಿನ ಮೇಲೆ. ನೀವು ಬರೆದಿರುವ ಮೊತ್ತವನ್ನು ಎರಡು ವರ್ಷ ತೆಗೆದುಕೊಂಡಿದೆ. ರಿಸಲ್ಟ್ ಬಂದ ಮಾರನೇ ದಿನ ಟಾಪರ್‌ಗಳ ಮುಖ ಹೊತ್ತ ಫ್ಲೆಕ್ಸು ಬಸ್ ಸ್ಟ್ಯಾಂಡ್ ಎದುರು ನಿಂತಿತು ಎಂದಿದ್ದೀರಿ. ನಿಮ್ಮ ಮಗಳು ಆಪ್ಷನ್ ಎಂಟ್ರಿ ಬಗ್ಗೆ ಕೇಳಲು ಹೋದಾಗ 'ಸೈಬರ್ ಸೆಂಟರಿನವರು ಮಾಡಿಕೊಡ್ತಾರೆ' ಎಂದು ಕಳಿಸಿದರು. ಫ್ಲೆಕ್ಸಿನಲ್ಲಿರುವ ಮಕ್ಕಳಿಗೆ ಸಲಹೆಯ ಅಗತ್ಯವೇ ಕಡಿಮೆ. ಇಪ್ಪತ್ತು, ಮೂವತ್ತು, ಐವತ್ತು ಸಾವಿರದ ರ‍್ಯಾಂಕಿನ ಮಕ್ಕಳ ಜೊತೆ ಕಟಾಫ್ ಪಟ್ಟಿ ಹಿಡಿದು ಅರ್ಧ ಗಂಟೆ ಕೂರದ ಕಾಲೇಜು ತಾನು ತೆಗೆದುಕೊಂಡ ದುಡ್ಡಿಗೆ ಕೆಲಸ ಮಾಡಿಲ್ಲ. ಇದನ್ನು ಓದುತ್ತಿರುವ ಪಿಯು ಉಪನ್ಯಾಸಕರು ಯಾರಾದರೂ ಇದ್ದರೆ, ಈ ವಾರ ಒಂದು ಮಧ್ಯಾಹ್ನ ನಿಮ್ಮ ಮಕ್ಕಳನ್ನು ಕರೆಸಿ.

ಲಾಂಗ್ ಟರ್ಮ್ ವಿಚಾರ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಅರ್ಧ ಭಾಗ ಸಿಇಟಿ ಅಂಕ, ಅರ್ಧ ಭಾಗ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕ. ಒಂದು ವರ್ಷ ಮತ್ತೆ ಕೂತು ಸಿಇಟಿ ಬರೆದರೆ ಬದಲಾಗುವುದು ಬಹುಮಟ್ಟಿಗೆ ಆ ಅರ್ಧ ಮಾತ್ರ. ಅದಕ್ಕಾಗಿ ಒಂದು ವರ್ಷ, ಮತ್ತೊಂದು ಫೀಸು, ಮತ್ತೊಂದು ಋಣ ಬೇಡ. ನಿಮ್ಮ ಮಗಳು ಕೇಳಿದ್ದರೆ ಬೇರೆ ಮಾತು. ಅವಳು ಕೇಳಿಲ್ಲ.

ಹಾಗಾದರೆ ಮಾಡಬೇಕಾದದ್ದು ಒಂದೇ. ಇವತ್ತು ರಾತ್ರಿ ಒಂದು ನೋಟ್‌ಬುಕ್ ತೆಗೆದು ಪಟ್ಟಿಯನ್ನು ನಿಮ್ಮ ಮಗಳೇ ತನ್ನ ಕೈಯಿಂದ ಬರೆಯಲಿ. ಮೊದಲು ಕಾಗದ, ಆಮೇಲೆ ಕಂಪ್ಯೂಟರು. ಕ್ಲಾಸಿನಲ್ಲಿ ಕೂರುವವರು ಯಾರೋ ಪಟ್ಟಿ ಬರೆಯಬೇಕಾದವರೂ ಅವರೇ, ಇದರಲ್ಲಿ ನನ್ನದು ರಾಜಿಯಿಲ್ಲದ ಮಾತು. ಕಾಲೇಜು, ಕೋರ್ಸು, ಆರು ಕಾಲಂನ ದೊಡ್ಡ ಸಂಖ್ಯೆ ಮೂರು ವರ್ಷದ್ದು, ಫೀಸು, ಹಾಸ್ಟೆಲ್ ಇದೆಯೋ ಇಲ್ಲವೋ, ಇಷ್ಟು ಬರೆಯಲಿ. ನೀವು ಪಕ್ಕದಲ್ಲಿ ಕೂತು ಸಂಖ್ಯೆ ಓದಿ ಹೇಳಿ. ಕ್ರಮ ಅವಳ ಇಷ್ಟದ್ದು. ಸಿಗುತ್ತೋ ಇಲ್ಲವೋ ಎಂಬ ಲೆಕ್ಕ ಕ್ರಮದಲ್ಲಿ ಬರಬಾರದು, ಪಟ್ಟಿಯ ಉದ್ದದಲ್ಲಿ ಬರಬೇಕು. ಬೆಳಿಗ್ಗೆ ಅದರ ಫೋಟೋ ಅಣ್ಣನಿಗೆ ಹೋಗಲಿ.

ಅಣ್ಣನಿಗೆ ಫೋನು ನೀವೇ ಮಾಡಿ, ಮಗಳ ಕೈಲಿ ಮಾಡಿಸಬೇಡಿ. 'ಅಣ್ಣಾ, ನೀನು ಓದಿಸಿದ್ದಕ್ಕೇ ಇವಳಿಗೆ ಆರು ಕಾಲಂ ನೋಡೋ ರ‍್ಯಾಂಕ್ ಬಂದಿದೆ. ಪಟ್ಟಿ ಅವಳು ಬರೆದಿದ್ದಾಳೆ. ಪಾಸ್‌ವರ್ಡ್ ಕೊಡು, ಅವಳೇ ಹಾಕ್ತಾಳೆ. ನಿನ್ನಿಂದ ಬೇರೆ ಕೆಲಸ ಇದೆ' ಅನ್ನಿ. ಆ ಕೆಲಸ: ಒಂದು ಶನಿವಾರ ರಜೆ ಹಾಕಿ ಅವಳನ್ನು ತುಮಕೂರು, ಇನ್ನೊಂದು ಶನಿವಾರ ಹಾಸನಕ್ಕೆ ಕರೆದುಕೊಂಡು ಹೋಗಿ ಕಾಲೇಜನ್ನೂ ಹಾಸ್ಟೆಲನ್ನೂ ತೋರಿಸುವುದು. ಊಟ ಹೇಗಿದೆ, ರಾತ್ರಿ ಬಸ್ಸು ಎಷ್ಟಕ್ಕೆ ನಿಲ್ಲುತ್ತದೆ ಎಂದು ವಿಚಾರಿಸಲು ಮಾವನೇ ಸರಿ. ಹಾಸನದ ಎಲೆಕ್ಟ್ರಿಕಲ್ ಲ್ಯಾಬ್ ನೋಡಿದ ಮೇಲೆ ಅವರ ಮಾತೂ ಬದಲಾಗಬಹುದು.

ನಿಜವಾದ ಹಂಚಿಕೆಗೆ ಮೊದಲು ಪರೀಕ್ಷಾರ್ಥವಾಗಿ ಮಾಡುವ ಅಣಕು ಹಂಚಿಕೆಯ (ಮಾಕ್ ಅಲಾಟ್‌ಮೆಂಟ್) ಫಲಿತಾಂಶ ಬಂದಾಗ ಏನು ಸಿಕ್ಕಿದೆ ಎಂದು ನೋಡಿ ಹೆದರಬೇಡಿ, ಹಿಗ್ಗಲೂ ಬೇಡಿ. ಅದಾದ ಮೇಲೆ ಎಲ್ಲರೂ ಪಟ್ಟಿ ತಿದ್ದುತ್ತಾರೆ. ಅದರಲ್ಲೂ ಏನೂ ಸಿಗದಿದ್ದರೆ ತಳಕ್ಕೆ ಇನ್ನಷ್ಟು ಹೆಸರು ಸೇರಿಸಲು ಅದೇ ಸಮಯ. ನಿಜವಾದ ಹಂಚಿಕೆಯಲ್ಲಿ ಸೀಟು ಬಂದರೆ ಚಾಯ್ಸ್ ಕೇಳುತ್ತಾರೆ. ಇಷ್ಟವಾದದ್ದೇ ಬಂದಿದ್ದರೆ ಚಾಯ್ಸ್ 1. ಪರವಾಗಿಲ್ಲ, ಆದರೆ ಮೇಲಿನದಕ್ಕೆ ಇನ್ನೊಮ್ಮೆ ನೋಡೋಣ ಅನ್ನಿಸಿದರೆ ಚಾಯ್ಸ್ 2, ಬಂದ ಸೀಟು ಕೈಲಿರುತ್ತದೆ. ಚಾಯ್ಸ್ 3 ಅಂದರೆ ಬಂದದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಅಣ್ಣ ಅದನ್ನೇ ಒತ್ತು ಅನ್ನುತ್ತಾರೆ ಎಂದು ನನ್ನ ಊಹೆ. ನಿಮ್ಮ ಮನೆಗೆ ಅದು ಬೇಡ.

ಬಿಇಒ ಸಹಿ ಮಾಡಿಸಿದ ಆ ಎರಡು ಪ್ರಮಾಣಪತ್ರಗಳ ಮೂಲಪ್ರತಿ ಯಾರ ಕೈಗೂ ಕೊಟ್ಟು ಕಳಿಸಬೇಡಿ. ಕಾಲೇಜಿಗೆ ದಾಖಲಾಗುವ ದಿನ ನೀವೇ ಮಗಳ ಜೊತೆ ತೆಗೆದುಕೊಂಡು ಹೋಗಿ.