ರಿಪೋರ್ಟ್ ಎಲ್ಲ ನಾರ್ಮಲ್, ಆದರೂ ಮೈಯೆಲ್ಲಾ ನೋವು

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಪಾವಗಡದ ಹತ್ತಿರ ಒಂದು ಹಳ್ಳಿ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮೂರು ವರ್ಷದಿಂದ ಮೈಕೈ ನೋವು. ಮೊದಲು ಕತ್ತು, ಭುಜ ಮಾತ್ರ ನೋಯುತ್ತಿತ್ತು. ಮೆಷಿನ್ ಮೇಲೆ ಬಗ್ಗಿ ಕೂರ್ತೀನಲ್ಲ, ಅದಕ್ಕೇ ಅಂದುಕೊಂಡೆ. ಈಗ ಸೊಂಟ, ತೊಡೆ, ಮುಂಗೈ, ಪಕ್ಕೆ, ಇಂಥ ಕಡೆ ಅಂತ ಹೇಳೋ ಹಾಗೇ ಇಲ್ಲ. ಬೆಳಿಗ್ಗೆ ಏಳುವಾಗ ರಾತ್ರಿಯೆಲ್ಲಾ ಯಾರೋ ಹೊಡೆದು ಹಾಕಿದ ಹಾಗಿರುತ್ತೆ. ಮಗಳು ಹಿಂದಿನಿಂದ ಬಂದು ತಬ್ಬಿಕೊಂಡರೂ ನೋವು. ಅಳತೆ ತೆಗೆದು ಬುಕ್ಕಿನಲ್ಲಿ ಬರೆಯುವಷ್ಟರಲ್ಲಿ ನಂಬರ್ ಮರೆತು ಹೋಗುತ್ತೆ. ಐದು ಜನ ಡಾಕ್ಟರಿಗೆ ತೋರಿಸಿದೆ. ರಕ್ತ ಪರೀಕ್ಷೆ, ಎಕ್ಸ್‌ರೇ, ಕೊನೆಗೆ ಎಂಆರ್‌ಐ. ಥೈರಾಯ್ಡ್ ನೋಡಿದ್ದು ಶುರುವಿನಲ್ಲಿ ಒಂದೇ ಸಲ. ಎಲ್ಲಾ ನಾರ್ಮಲ್. ಕೊನೆಯವರು ‘ನಿಮಗೇನೂ ಇಲ್ಲಮ್ಮ, ಟೆನ್ಶನ್ ಕಮ್ಮಿ ಮಾಡಿ’ ಅಂದರು. ಅತ್ತೆ ನನ್ನೆದುರೇ ‘ಕೆಲಸ ತಪ್ಪಿಸೋಕೆ ನಾಟಕ’ ಅಂತಾರೆ. ಇನ್ನೊಂದು ಸ್ಕ್ಯಾನ್ ಮಾಡಿಸಬೇಕಾ? (ಹೆಸರು ಬೇಡ)

ಉತ್ತರ: ಇನ್ನೊಂದು ಸ್ಕ್ಯಾನ್ ಬೇಡ. ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಉಳಿಯಲಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಎಂಆರ್‌ಐ ಅಲ್ಲ, ಮಗಳು ತಬ್ಬಿಕೊಂಡರೆ ನೋಯುತ್ತೆ ಅನ್ನೋ ಮಾತು. ನನ್ನ ಹತ್ತಿರ ಬರುವ ಇಂಥವರಲ್ಲಿ ಎಷ್ಟೋ ಜನ ಬಿಪಿ ನೋಡುವಾಗಲೇ ಸಿಕ್ಕಿಬೀಳುತ್ತಾರೆ. ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹಾಕುತ್ತಿದ್ದ ಹಾಗೇ ಹುಬ್ಬು ಗಂಟಾಗುತ್ತೆ, ‘ಸಾಕು ಮೇಡಂ’ ಅಂತ ಕೈ ಎಳೆದುಕೊಳ್ಳುತ್ತಾರೆ. ಬೇರೆಯವರಿಗೆ ಬಿಗಿ ಅನ್ನಿಸೋದು ಇವರಿಗೆ ನೋವಾಗಿಯೇ ಮುಟ್ಟುತ್ತೆ. ಇಡೀ ಮೈಯಲ್ಲಿ ನೋವು, ನಿದ್ದೆ ಮಾಡಿದರೂ ಆರದ ಸುಸ್ತು, ಮರೆವು, ಮೂರು ತಿಂಗಳಿಗಿಂತ ಜಾಸ್ತಿ ಕಾಲ. ಇದಕ್ಕೊಂದು ಹೆಸರಿದೆ: ಫೈಬ್ರೊಮಯಾಲ್ಜಿಯ. ನಿಮಗಿರುವುದು ಅದೇ ಅಂತ ಪತ್ರ ಓದಿ ಹೇಳೋಕಾಗಲ್ಲ, ಮೈ ಮುಟ್ಟಿ ನೋಡಲೇಬೇಕು. ಆದರೆ ಐದು ಜನರಲ್ಲಿ ಒಬ್ಬರಾದರೂ ಆ ಹೆಸರು ಎತ್ತಬೇಕಿತ್ತು.

ಇದು ರಕ್ತದಲ್ಲೋ ಎಕ್ಸ್‌ರೇಯಲ್ಲೋ ಕಾಣುವ ಕಾಯಿಲೆ ಅಲ್ಲ. ಹಾಗಾಗಿ ‘ಎಲ್ಲಾ ನಾರ್ಮಲ್, ಏನೂ ಇಲ್ಲ’ ಅನ್ನೋದು ಅರ್ಧ ಸತ್ಯ. ಕೀಲು ಸವೆದಿಲ್ಲ, ಮೂಳೆ ಮುರಿದಿಲ್ಲ, ಅಲ್ಲಿಯವರೆಗೆ ಸರಿ. ಕೆಟ್ಟಿರೋದು ನೋವಿನ ಸುದ್ದಿ ಮುಟ್ಟಿಸುವ ವ್ಯವಸ್ಥೆ. ಮನೆಯಲ್ಲಿ ರೇಡಿಯೊ ಇದೆ ಅಂದುಕೊಳ್ಳಿ. ಸ್ಟೇಷನ್ ಸರಿಯಾಗೇ ಇದೆ, ವಾಲ್ಯೂಮ್ ತಿರುಪು ಮಾತ್ರ ಮೇಲಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಂಡಿದೆ. ಬೆನ್ನುಹುರಿ, ಮೆದುಳು ಸಣ್ಣ ಒತ್ತಡವನ್ನೂ ದೊಡ್ಡದು ಮಾಡಿ ಕೇಳಿಸುತ್ತವೆ. ನೋವು ಕಲ್ಪನೆ ಅಲ್ಲ, ನಾಟಕವಂತೂ ಅಲ್ವೇ ಅಲ್ಲ. ಹಾಗಂತ ಟೆನ್ಶನ್ನಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂತಲೂ ಹೇಳಲ್ಲ. ನಿದ್ದೆಗೆಟ್ಟರೆ, ಮನಸ್ಸು ಕೆಟ್ಟರೆ ಆ ತಿರುಪು ಇನ್ನೂ ಮೇಲೆ ಹೋಗುತ್ತೆ.

ಹಿಂದೆ, 1990ರ ನಿಯಮದ ಪ್ರಕಾರ, ಮೈಮೇಲೆ 18 ಕಡೆ ಬೆರಳಿನಿಂದ ಒತ್ತಿ 11 ಕಡೆ ನೋವಾಗುತ್ತಾ ಅಂತ ನೋಡುತ್ತಿದ್ದರು. ಈಗ ಬರೀ ಒತ್ತಿ ನೋಡೋದಲ್ಲ, ಮಾತಾಡಿಸಿ ಲೆಕ್ಕ ಹಾಕುತ್ತಾರೆ. ದವಡೆಯಿಂದ ಮೀನಖಂಡದವರೆಗೆ 19 ಜಾಗ. ಹೋದ ವಾರ ಎಷ್ಟು ಕಡೆ ನೋವಿತ್ತು? ಸುಸ್ತು ಎಷ್ಟು, ಎದ್ದಾಗ ಮೈ ಹಗುರ ಆಗುತ್ತಾ, ಮರೆವು ಎಷ್ಟು, ತಲೆನೋವು, ಹೊಟ್ಟೆನುಲಿತ, ಬೇಜಾರು ಇದೆಯಾ? ಅದಕ್ಕೆಲ್ಲ ಬೇರೆ ಅಂಕ. ನೀವೊಂದು ಕೆಲಸ ಮಾಡಿ. ನಿಮ್ಮ ಅಳತೆ ಬುಕ್ಕಿನ ಒಂದು ಹಾಳೆಯಲ್ಲಿ ಮನುಷ್ಯನ ಚಿತ್ರ ಬರೆದು, ಮುಂದೆ ಹಿಂದೆ ಎರಡೂ, ಏಳು ದಿನ ನೋವಾದ ಕಡೆಯೆಲ್ಲ ಗುರುತು ಹಾಕಿ ತೆಗೆದುಕೊಂಡು ಹೋಗಿ. ಡಾಕ್ಟರ್ ಮುಂದೆ ಕೂತಾಗ ಎಲ್ಲ ಮರೆತು ‘ಕತ್ತು ನೋವು ಸಾರ್’ ಅಂದುಬಿಡುತ್ತೀರಿ, ಅವರು ಕತ್ತಿನ ಎಕ್ಸ್‌ರೇ ಬರೆದುಬಿಡುತ್ತಾರೆ. ಐದು ಸಲ ಆಗಿದ್ದು ಹೀಗೇ ಇರಬಹುದು.

ಹೆಸರು ಇಡೋ ಮೊದಲು ಕೆಲವನ್ನು ತಳ್ಳಿಹಾಕಬೇಕು. ಇಲ್ಲಿ ನಿಮ್ಮ ಫೈಲಿನಲ್ಲಿ ತೂತುಗಳಿವೆ. ಥೈರಾಯ್ಡ್ ನೋಡಿ ಮೂರು ವರ್ಷವಾಯಿತು. ಟಿಎಸ್‌ಎಚ್ ಇನ್ನೊಮ್ಮೆ ಆಗಲಿ. ಹಿಮೋಗ್ಲೋಬಿನ್, ಸಕ್ಕರೆ, ಮೈಯೊಳಗೆ ಉರಿಯೂತ ಇದೆಯಾ ಅಂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಆಗಿವೆಯಾ ನೋಡಿ. ಮೂಳೆಯ ಸ್ಥಿತಿ ತಿಳಿಸುವ ರಕ್ತ ಪರೀಕ್ಷೆಗಳು, ಅಂದರೆ ವಿಟಮಿನ್ ಡಿ, ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್ ಬಗ್ಗೆ ನೀವು ಬರೆದೇ ಇಲ್ಲ. ದಿನವೆಲ್ಲ ಮನೆಯೊಳಗೆ ಮೆಷಿನ್ ಮುಂದೆ ಕೂರುವ ಹೆಂಗಸಿಗೆ ವಿಟಮಿನ್ ಡಿ ತೀರಾ ಕಡಿಮೆಯಾಗಿ ಮೂಳೆ ಮೆತ್ತಗಾದರೂ ಹೀಗೇ ಸೊಂಟ, ತೊಡೆ, ಪಕ್ಕೆ ನೋಯುತ್ತೆ. ಕೆಳಗೆ ಕೂತು ಏಳುವಾಗ, ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಶಕ್ತಿಯೇ ಇಲ್ಲ ಅನ್ನಿಸಿದರೆ ಅದನ್ನು ಮರೆಯದೆ ಹೇಳಿ. ಇದಕ್ಕೆ ಸರಿಯಾದ ಚಿಕಿತ್ಸೆ ಇದೆ, ವಾಸಿಯಾಗುತ್ತೆ. ಇನ್ನು ಸಂಧಿವಾತದಂಥ ಕಾಯಿಲೆ ಹುಡುಕುವ ಎಎನ್‌ಎ, ಆರ್‌ಎ ಫ್ಯಾಕ್ಟರ್ ರಕ್ತ ಪರೀಕ್ಷೆಗಳನ್ನು ‘ಇರಲಿ ಅಂತ’ ಮಾಡಿಸಬೇಡಿ. ಕೀಲು ಊದಿಲ್ಲದ, ಆರೋಗ್ಯವಾಗಿರುವ ಕೆಲವರಲ್ಲೂ ಅವು ಪಾಸಿಟಿವ್ ಬರುತ್ತವೆ. ಆಮೇಲೆ ಆ ಚೀಟಿ ಹಿಡಿದುಕೊಂಡು ಆರು ತಿಂಗಳು ಭಯ.

ನಿಮ್ಮೂರಿನ ಹೆಸರು ನೋಡಿ ಇನ್ನೊಂದು ಮಾತು. ಪಾವಗಡದ ಬೋರ್‌ವೆಲ್ ನೀರಿನ ಫ್ಲೋರೈಡ್ ನಿಮಗೆ ಹೊಸ ಸುದ್ದಿ ಅಲ್ಲ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ನೋಡಿಯೇ ಇರುತ್ತೀರಿ. ಅದೇ ನೀರನ್ನು ಎಷ್ಟೋ ವರ್ಷ ಕುಡಿದರೆ ಮೂಳೆಗೂ ಇಳಿಯುತ್ತೆ. ಶುರುವಿನಲ್ಲಿ ಬರೀ ಕೀಲುನೋವು, ಬೆನ್ನು ಬಿಗಿತ, ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತೆ ಅಂತ ನಮ್ಮ ದೇಶದ ಮಾನದಂಡ. ಪಂಚಾಯಿತಿಯಲ್ಲಿ ಕೇಳಿ, ನೀರು ಪರೀಕ್ಷೆ ಮಾಡಿಸಿ. ಕಾಯಿಸಿ ಕುಡಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ. ಆರ್‌ಒ ಘಟಕದ ನೀರು ಕುಡಿಯೋಕೂ ಆಗಲಿ, ಅನ್ನ, ಮುದ್ದೆ ಮಾಡೋಕೂ ಆಗಲಿ. ಕುಡಿಯೋಕೆ ಕ್ಯಾನ್ ನೀರು, ಅಡುಗೆಗೆ ಬೋರ್ ನೀರು ಅನ್ನೋ ಮನೆಗಳೇ ಜಾಸ್ತಿ.

ಇವೆಲ್ಲ ಸರಿಯಿದ್ದು ಫೈಬ್ರೊಮಯಾಲ್ಜಿಯ ಅಂತಲೇ ಆದರೆ, ಹುಡುಕಾಟ ಅಲ್ಲಿಗೆ ನಿಲ್ಲಿಸಿ. ಸಾಧ್ಯವಾದರೆ ಒಂದು ಸಲ ರುಮಟಾಲಜಿಸ್ಟ್, ಅಂದರೆ ಸಂಧಿವಾತ ತಜ್ಞರ ಹತ್ತಿರ ಹೋಗಿ ಬನ್ನಿ. ಆಮೇಲೆ ಹತ್ತಿರದ ಒಬ್ಬರೇ ಫಿಸಿಷಿಯನ್ ಸಾಕು.

ಮಾತ್ರೆಯಿಂದ ತುಂಬಾ ನಿರೀಕ್ಷೆ ಬೇಡ. ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ಇದಕ್ಕೆ ಕೆಲಸ ಮಾಡಲ್ಲ, ಹೊಟ್ಟೆ, ಕಿಡ್ನಿ ಕೆಡಿಸುತ್ತೆ ಅಷ್ಟೇ. ಸ್ಟೀರಾಯ್ಡ್ ಕೂಡ ಬೇಡ. ಅಮಿಟ್ರಿಪ್ಟಿಲಿನ್ ರಾತ್ರಿ ಹೊತ್ತು ಕಡಿಮೆ ಡೋಸಿನಲ್ಲಿ, ಇಲ್ಲವೇ ಡುಲಾಕ್ಸೆಟಿನ್, ಪ್ರಿಗಾಬಲಿನ್, ಇವು ಕೆಲವರಿಗೆ ಹಿಡಿಯುತ್ತವೆ, ಕೆಲವರಿಗೆ ಇಲ್ಲ. ಗೊತ್ತಾಗೋಕೆ ಕೆಲವು ವಾರ ಬೇಕು. ಬಾಯಿ ಒಣಗೋದು, ಬೆಳಿಗ್ಗೆ ಮಂಪರು ಇರುತ್ತೆ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ ತಗೊಳ್ಳಿ. ಒಂದು ಎಚ್ಚರಿಕೆ: ಚೀಟಿ ನೋಡಿ ಮೆಡಿಕಲ್ ಶಾಪಿನ ಹುಡುಗ ‘ಇದು ತಲೆಗೆ ಕೊಡೋ ಮಾತ್ರೆ ಆಂಟಿ’ ಅಂತಾನೆ. ಮನೆಗೆ ಬಂದು ಡಬ್ಬಿಯಲ್ಲಿ ಹಾಕಿಟ್ಟು ಸುಮ್ನಾಗಬೇಡಿ. ಅದೇ ಮಾತ್ರೆ ಆ ವಾಲ್ಯೂಮ್ ತಿರುಪಿನ ಮೇಲೂ ಕೆಲಸ ಮಾಡುತ್ತೆ, ಅದಕ್ಕೇ ಕೊಟ್ಟಿರೋದು.

ಎಲ್ಲಕ್ಕಿಂತ ಗಟ್ಟಿ ಪುರಾವೆ ಇರೋದು ವ್ಯಾಯಾಮಕ್ಕೆ. ಯುರೋಪಿನ ಸಂಧಿವಾತ ತಜ್ಞರ ಸಂಘ 2016ರ ಶಿಫಾರಸಿನಲ್ಲಿ ಬಲವಾಗಿ ಹೇಳಿದ್ದು ಅದೊಂದನ್ನೇ. ನೀವು ಬೈದುಕೊಳ್ಳುತ್ತಿದ್ದೀರಿ, ಗೊತ್ತು. ಏಳೋಕೇ ಆಗಲ್ಲ, ಇವರು ವಾಕಿಂಗ್ ಅಂತಾರೆ ಅಂತ. ಅದಕ್ಕೇ ಐದೇ ನಿಮಿಷದಿಂದ ಶುರು ಮಾಡಿ. ನೋವು ಕಮ್ಮಿ ಇದ್ದ ದಿನವೂ ಐದೇ, ಜಾಸ್ತಿ ಇದ್ದ ದಿನವೂ ಐದೇ. ವಾರಕ್ಕೆ ಒಂದೋ ಎರಡೋ ನಿಮಿಷ ಸೇರಿಸಿ. ನಮ್ಮ ಹೆಂಗಸರು ಮಾಡೋ ತಪ್ಪು ಏನು ಗೊತ್ತಾ? ಒಂದು ದಿನ ಮೈ ಹಗುರ ಅನ್ನಿಸಿದರೆ ಸಾಕು, ಬಾಕಿ ಬ್ಲೌಸೆಲ್ಲ ಮುಗಿಸಿ, ರಗ್ಗು ಒಗೆದು, ಅಟ್ಟ ಗುಡಿಸಿ, ಆಮೇಲೆ ಮೂರು ದಿನ ಮಲಗೋದು. ಹೊಲಿಗೆಯನ್ನೂ ಗಡಿಯಾರ ಇಟ್ಟುಕೊಂಡು ಮಾಡಿ. 20 ನಿಮಿಷ ಆದ ಮೇಲೆ ಏಳಿ, ಅಂಚು ಅರ್ಧ ಉಳಿದಿದ್ದರೂ ಏಳಿ.

ನಿದ್ದೆ ವಿಷಯ ಮನೆಯವರನ್ನು ಕೇಳಿ. ಜೋರಾಗಿ ಗೊರಕೆ ಹೊಡೆದು ಉಸಿರು ನಿಂತ ಹಾಗಾಗುತ್ತಾ, ಮಲಗಿದಾಗ ಕಾಲು ಆಡಿಸುತ್ತಲೇ ಇರಬೇಕು ಅನ್ನಿಸುತ್ತಾ, ಎರಡಕ್ಕೂ ಬೇರೆ ಚಿಕಿತ್ಸೆ ಇದೆ.

ಅತ್ತೆಯವರ ಮಾತಿಗೆ ನನ್ನ ಹತ್ತಿರ ಮಾತ್ರೆ ಇಲ್ಲ. ಮುಂದಿನ ಸಲ ಗಂಡನನ್ನೋ ಅತ್ತೆಯನ್ನೋ ಜೊತೆಗೆ ಕರೆದುಕೊಂಡು ಹೋಗಿ, ಕಾಯಿಲೆಯ ಹೆಸರನ್ನು ಡಾಕ್ಟರ್ ಬಾಯಿಂದಲೇ ಕೇಳಿಸಿ. ನೀವು ನೂರು ಸಲ ಹೇಳಿದ್ದು ಅಲ್ಲಿ ಒಂದೇ ಸಲಕ್ಕೆ ಕಿವಿಗೆ ಬೀಳುತ್ತೆ. ಅನ್ಯಾಯ ಅನ್ನಿಸಿದರೂ ನಡೆಯೋದು ಹೀಗೇ.

ಮತ್ತೊಂದು. ಜ್ವರ, ಸುಮ್ನೆ ತೂಕ ಇಳಿಯೋದು, ಕೀಲು ಊದೋದು, ಕೈಕಾಲು ಸೋಲೋದು, ಮೂತ್ರದ ಹಿಡಿತ ತಪ್ಪೋದು, ಇದರಲ್ಲಿ ಒಂದು ಬಂದರೂ ‘ಅದೇ ಹಳೇ ನೋವು’ ಅಂತ ಕೂರಬೇಡಿ.

ಪ್ರಶ್ನೆ: ನಮ್ಮಪ್ಪನಿಗೆ 58. ಕೈಬೆರಳು, ಮೊಣಕಾಲು ನೋವಿಗೆ ಯಾರೋ ಹೇಳಿದರು ಅಂತ ಸಂತೆಯಲ್ಲಿ ವಾತದ ಪುಡಿ ತಂದರು. ಎರಡೇ ದಿನಕ್ಕೆ ನೋವು ಮಾಯ! ಐದು ತಿಂಗಳಿಂದ ತಗೊಳ್ತಿದ್ದಾರೆ. ಈಗ ಮುಖ ಊದಿ ದುಂಡಗಾಗಿದೆ, ಸಕ್ಕರೆ ಬಂದಿದೆ. ನಿಲ್ಲಿಸಿಬಿಡಲಾ? (ಹುಬ್ಬಳ್ಳಿ)

ಉತ್ತರ: ಇವತ್ತೇ ಪೂರ್ತಿ ನಿಲ್ಲಿಸಬೇಡಿ! ಎರಡು ದಿನಕ್ಕೆ ಮಾಯ ಮಾಡೋ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವ ಅನುಮಾನ ನನಗೆ. ದುಂಡು ಮುಖ, ಸಕ್ಕರೆ ಎರಡೂ ಅದನ್ನೇ ಹೇಳುತ್ತಿವೆ. ತಿಂಗಳುಗಟ್ಟಲೆ ಹೊರಗಿನಿಂದ ಬಂದರೆ ದೇಹ ತನ್ನದನ್ನು ತಯಾರಿಸೋದು ಬಿಟ್ಟಿರುತ್ತೆ. ದಿಢೀರ್ ನಿಲ್ಲಿಸಿದರೆ ವಾಂತಿ, ತಲೆಸುತ್ತು, ಬಿಪಿ ಇಳಿದು ಜೀವಕ್ಕೇ ಅಪಾಯ. ಹಾಗೇನಾದರೂ ಆದರೆ ಹೊತ್ತು ನೋಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈಗ ಪುಡಿಯ ಪೊಟ್ಟಣದ ಸಮೇತ ಈ ವಾರವೇ ಫಿಸಿಷಿಯನ್‌ಗೆ ತೋರಿಸಿ. ಅವರು ಲೆಕ್ಕ ಹಾಕಿ ಹಂತ ಹಂತವಾಗಿ ಇಳಿಸುತ್ತಾರೆ. ಇನ್ನು ಮೊದಲಿನ ನೋವು: ಬೆರಳು ಊದುತ್ತಿತ್ತಾ, ಬೆಳಿಗ್ಗೆ ಮುಷ್ಟಿ ಕಟ್ಟೋಕೆ ಒಂದು ಗಂಟೆ ಹಿಡಿಯುತ್ತಿತ್ತಾ ಅಂತ ಅಪ್ಪನನ್ನು ಕೇಳಿ. ಹೌದಾದರೆ ಇದು ಮೇಲಿನವರ ಥರ ಅಲ್ಲ, ರುಮಟಾಯ್ಡ್ ಸಂಧಿವಾತ ಇರಬಹುದು. ಅವರಿಗೆ ಬೇಡ ಅಂದ ಆರ್‌ಎ ಫ್ಯಾಕ್ಟರ್ ಪರೀಕ್ಷೆ ನಿಮ್ಮಪ್ಪನಿಗೆ ಬೇಕು. ಕೀಲು ಸೊಟ್ಟಗಾಗೋ ಮೊದಲು ಔಷಧಿ ಶುರುವಾಗಬೇಕು.

ಪ್ರಶ್ನೆ: ಚಿಕುನ್‌ಗುನ್ಯಾ ಬಂದು ಎಂಟು ತಿಂಗಳಾಯಿತು. ಮಣಿಕಟ್ಟು, ಕಾಲ್ಗಿಣ್ಣು ಇನ್ನೂ ನೋವು, ಕೆಲವು ದಿನ ಊತ. ಅಡಕೆ ಸುಲಿಯೋಕೆ ಆಗ್ತಾ ಇಲ್ಲ. ಜ್ವರ ಹೋದ ಮೇಲೂ ಹೀಗಾಗುತ್ತಾ? (ಪುತ್ತೂರು)

ಉತ್ತರ: ಆಗುತ್ತೆ. 2006ರಲ್ಲಿ ನಮ್ಮ ರಾಜ್ಯದಲ್ಲಿ ಊರಿಗೆ ಊರೇ ಮಲಗಿತ್ತಲ್ಲ, ಆಗಲೂ ಎಷ್ಟೋ ಜನ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಗೋಡೆ ಹಿಡಿದು ನಡೆದರು. ಹೆಚ್ಚಿನವರಿಗೆ ನಿಧಾನಕ್ಕೆ ಇಳಿಯುತ್ತೆ. ಆದರೆ ನಿಮಗೆ ಊತ ಇದೆ, ಮೂರು ತಿಂಗಳು ಯಾವಾಗಲೋ ದಾಟಿದೆ, ಇನ್ನು ಕಾಯಬೇಡಿ. ರುಮಟಾಲಜಿಸ್ಟ್‌ಗೆ ತೋರಿಸಿ. ಊದಿದ ದಿನವೇ ಮೊಬೈಲಿನಲ್ಲಿ ಎರಡೂ ಕೈ ಪಕ್ಕ ಪಕ್ಕ ಇಟ್ಟು ಫೋಟೊ ತೆಗೆದಿಡಿ. ಡಾಕ್ಟರ್ ಹತ್ತಿರ ಹೋಗೋ ದಿನ ಊತ ಸರಿಯಾಗಿ ಇಳಿದಿರುತ್ತೆ.